ಟಾಲ್ಬರ್ಟರಿಗೆ ಬಿದ್ದ ಓಟು

ಕೆಂಟಕಿಯಲ್ಲಿ ಆಗ ಓಟನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕಿತ್ತು. ಮತ್ತೆ ಚುನಾವಣೆಗೆ ನಿಂತಿದ್ದ ಜಡ್ಜ್ ಟಾಲ್ಬರ್ಟರು ಓಟು ಬರೆದುಕೊಳ್ಳುವ ಮೇಜಿನ ಪಕ್ಕದಲ್ಲೇ ಕೂತು, ತಮ್ಮ ಹೆಸರು ಹೇಳಿದವರಿಗೆಲ್ಲ ಎದ್ದು ವಂದಿಸುತ್ತಿದ್ದರು. ಪೀಪಾಯಿ ಮಾಡುವ ಪ್ರೂಯಿಟ್‌ನ ಕಿವಿಗೆ ಸಾಲಿನಲ್ಲಿ ಮುಂದಿದ್ದ ಇಬ್ಬರು ರೈತರ ಮಾತು ಬಿತ್ತು.

“ನಾನಂತೂ ಟಾಲ್ಬರ್ಟರಿಗೆ ಹಾಕಲ್ಲ. ನೀನೇನಯ್ಯಾ, ಲೆಮ್ಯುಯೆಲ್?”

“ಅವರ ಋಣ ದೊಡ್ಡದು, ಹೋಸಿಯಾ. ಲಾಯರಾಗಿದ್ದಾಗ, ನನ್ನ ಹಂದಿ ಹೊಲಕ್ಕೆ ನುಗ್ಗಿದ ಕೇಸಲ್ಲಿ, ತಪ್ಪು ಹಂದಿದಲ್ಲ, ಬೇಲಿ ಹಾಕದೋನದು ಅಂತ ವಾದಿಸಿ ನನ್ನ ಗೆಲ್ಲಿಸಿದ್ರು.”

“ಬೇಲಿ ಹಾಕದೋನು ನಾನೇ ಕಣಯ್ಯ.”

“ಆಮೇಲೆ ಶಾಸನಸಭೆಗೆ ಹೋಗಿ, ಹಂದಿ ಕೂಡಿಹಾಕದೋನಿಗೇ ದಂಡ ಅಂತ ಕಾನೂನು ತಂದ್ರು.”

“ಜಡ್ಜ್ ಆಗಿ ಬಂದು ಅದೇ ಕಾನೂನಲ್ಲಿ ನಿನಗೇ ದಂಡ ಜಡಿದ್ರು. ಭಾಳ ದೊಡ್ಡ ಋಣಾನೇ ಬಿಡು.”

“ಅದಕ್ಕೇ ನಾನೂ ಅವರಿಗೆ ಹಾಕಲ್ಲ. ಸೋತ್ರೆ ಮತ್ತೆ ಲಾಯರಾಗ್ತಾರೆ. ನನಗೀಗ ಲಾಯರ್ ಬೇಕು.”

“ಯಾಕೆ?”

“ಇವತ್ತು ನಿನ್ನ ಜೋಳದ ಹೊಲದ ಕಡೆ ಹೋಗಿದ್ಯಾ?”

ಹೋಸಿಯಾ ಅವನನ್ನು ಪಕ್ಕಕ್ಕೆ ಸರಿಸಿ ಮೇಜಿನ ಮುಂದೆ ನಿಂತ. “ಟಾಲ್ಬರ್ಟ್” ಎಂದು ಊರಿಗೆಲ್ಲ ಕೇಳುವಂತೆ ಹೇಳಿದ. ಜಡ್ಜ್ ಸಾಹೇಬರು ಎದ್ದು ವಂದಿಸುವಷ್ಟರಲ್ಲಿ ಅವನು ಹೊಲದ ದಾರಿ ಹಿಡಿದಾಗಿತ್ತು.