ಹೊಳಿಯಪ್ಪಣ್ಣನ ಹೆಸರಿನಲ್ಲಿ ನಾನು ಊದಿದ ಉಸಿರು

ಶ್ರೀರಾಮನಗರದ ಹಿರಿಯರಿಗೆ, ನಮ್ಮ ಹಮಾಲರ ತಂಡದವರಿಗೆ, ಮುಂದೆ ಕುಳಿತಿರುವ ವಿರೂಪಾಕ್ಷಮ್ಮ ಅತ್ತಿಗೆಗೆ ನಮಸ್ಕಾರ. ನಾನು ಹನುಮೇಶ. ಎಂಟನೆಯ ತರಗತಿಗೇ ಶಾಲೆ ಬಿಟ್ಟವನು, ಭಾಷಣ ಬರುವುದಿಲ್ಲ. ತೀರಿಹೋದ ಹೊಳಿಯಪ್ಪಣ್ಣನ ಗುಣ ಹೇಳು ಎಂದು ಕರೆದಿರಿ. ಅದಕ್ಕೂ ಮೊದಲು, ಎಂಟು ತಿಂಗಳಿಂದ ಬಚ್ಚಿಟ್ಟ ಮಾತೊಂದಿದೆ — ಅಣ್ಣನ ಹೆಸರಿನ ಚೀಲಕ್ಕೆ ಊದಿದವನು ನಾನು.

ನೆನಪಿದೆಯಲ್ಲ? ನಮ್ಮ ರೈಸ್ ಮಿಲ್ಲಿಗೆ ಕೊಪ್ಪಳದ ಆಸ್ಪತ್ರೆಯಿಂದ ಅಮೃತಾ ಮೇಡಂ ಯಂತ್ರ ತಂದಿದ್ದರು. ಪ್ಲಾಸ್ಟಿಕ್ ಚೀಲಕ್ಕೆ ಊದಿದರೆ ಸಾಕು, ಉಸಿರಿನಿಂದಲೇ ಶ್ವಾಸಕೋಶದ ರೋಗ ಗುರುತಿಸುವ ಯಂತ್ರ. "ಇನ್ನೂ ಕಲಿಯಾಕತ್ತೈತ್ರಿ. ಸಾವಿರಾರು ಮಂದಿ ಉಸಿರು ತೋರಿಸಿ ಕಲಿಸಬೇಕು" ಎಂದು, ಒಬ್ಬೊಬ್ಬರ ಹೆಸರು, ವಯಸ್ಸು, ಕೆಮ್ಮು ಎಷ್ಟು ವರ್ಷದ್ದು ಎಂಬುದನ್ನು ಚೀಲದ ಮೇಲೆ ಬರೆದರು. ಅಣ್ಣ ನಕ್ಕ — "ಹನುಮ್ಯಾ, ನೀ ಬಿಟ್ಟ ಸಾಲಿಗೆ ಮಷೀನ್ ಹೊಂಟೈತಿ ನೋಡಲೇ!" ಆ ನಗು ಕೆಮ್ಮಾಯಿತು. ಗೋಡೆ ಹಿಡಿದು ನಿಂತ — ಹೀಗೆ.

ಆಮೇಲೆ ನನ್ನ ಕಿವಿಯಲ್ಲಿ ಹೇಳಿದ: "ತಮ್ಮಾ, ರೋಗ ಐತಿ ಅಂದ್ರ ನಾಳಿಂದ ಗೇಟಿನ ಒಳಗ ಬಿಡಂಗಿಲ್ಲ. ನನ್ನ ಚೀಲಾನೂ ನೀನ ಊದಿಬಿಡು."

ನಮ್ಮ ಪದ್ಧತಿ ನಿಮಗೆ ಗೊತ್ತು. ಹಿರಿಯನಿಗೆ ದಮ್ಮು ಹತ್ತಿದರೆ ಅವನ ಪಾಲಿನ ಮೂಟೆ ಕಿರಿಯನ ಬೆನ್ನಿಗೆ. ಯಾಕೆಂದು ಕೇಳುವುದಿಲ್ಲ, ಹೊರುತ್ತೇವೆ. ಇದನ್ನೂ ಹಾಗೇ ಹೊತ್ತೆ. ಅದನ್ನು ಕಂಡು ಇನ್ನೂ ನಾಲ್ವರು ತಮ್ಮ ಚೀಲ ಕೊಟ್ಟರು. ಅವನ್ನೂ ಊದಿದೆ. ಎಲ್ಲರ ಚೀಟಿಯಲ್ಲೂ ಬಂದದ್ದು ಒಂದೇ — ತೊಂದರೆ ಕಂಡಿಲ್ಲ. ಕೆಮ್ಮು ನಿಲ್ಲದಿದ್ದರೆ ಆಸ್ಪತ್ರೆಗೆ ಬನ್ನಿ ಎಂಬ ಕೆಳಗಿನ ಸಾಲನ್ನು ಯಾರೂ ಓದಲಿಲ್ಲ.

ಅತ್ತಿಗೆ, ಆಸ್ಪತ್ರೆಗೆ ಹೋಗೋಣ ಎಂದು ನೀವು ಅತ್ತಾಗಲೆಲ್ಲ ಅಣ್ಣ ಆ ಚೀಟಿ ತೋರಿಸುತ್ತಿದ್ದ. ಕೊನೆಕೊನೆಗೆ ನನಗೂ ತೋರಿಸಿದ — "ಮಷೀನ ಹೇಳೈತಲ್ಲೋ, ನನಗೇನೂ ಆಗಿಲ್ಲಂತ!" ಊದಿದವನು ನಾನು ಎಂಬುದನ್ನೇ ಮರೆತವನಂತೆ. ನಾನು ಆ ಚೀಟಿ ಮಡಚಿ ಅವನ ಜೇಬಿಗೇ ಇಟ್ಟೆ.

ಈಗ ನನಗೆ ಹೆದರಿಕೆ. ಆ ನಾಲ್ವರು ಇಲ್ಲೇ ಕುಳಿತಿದ್ದಾರೆ. ಹೆಸರು ಹೇಳುವುದಿಲ್ಲ. ಆದರೆ ಯಾರು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡಿದ್ದಾರೆ ಎಂಬುದು ಇಲ್ಲಿಂದ ಕಾಣುತ್ತದೆ. ಆ ಯಂತ್ರ ಈ ವಾರ ಮರಳಿ ಊರಿನಲ್ಲಿದೆಯಂತೆ. ಮೂರು ವರ್ಷದಿಂದ ಕೆಮ್ಮುವ, ಐವತ್ತೈದರ ಹಮಾಲನ ಉಸಿರು ಹೀಗಿರುತ್ತದೆ ಎಂದು ಇಪ್ಪತ್ತರ ನನ್ನ ಉಸಿರನ್ನು ಅದಕ್ಕೆ ಕಲಿಸಿದ್ದೇವೆ. ಅದು ಅಲ್ಲಿ ಯಾರಿಗೆ ಏನು ಹೇಳುತ್ತಿದೆಯೋ!

ಅತ್ತಿಗೆ, ಕ್ಷಮಿಸಿ ಎನ್ನಲು ನನಗೆ ಬಾಯಿಲ್ಲ.

ಈಗ ಎಲ್ಲರೂ ಎದ್ದು ನಿಲ್ಲಿ. ಅಣ್ಣನಿಗಾಗಿ ಎರಡು ನಿಮಿಷ ಮಾತು ಬೇಡ. ಕೆಮ್ಮು ಬಂದರೆ ಮಾತ್ರ ತಡೆಯಬೇಡಿ — ಕೆಮ್ಮಿಬಿಡಿ. ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ನಾನು ಕೊಪ್ಪಳಕ್ಕೆ, ಆ ಐದೂ ಚೀಲ ಊದಿದವನು ನಾನೇ ಎಂದು ಹೇಳಲು ಅಮೃತಾ ಮೇಡಂ ಹತ್ತಿರ ಹೊರಡುತ್ತೇನೆ.