ಅರ್ಧರ್ಧ ಮಾತ್ರೆ

ರಕ್ತಪರೀಕ್ಷೆಗೆ ಕಾಯುತ್ತಿದ್ದ ದರ್ಜಿ ತಲೆ ತಗ್ಗಿಸಿಯೇ ಕೂತಿದ್ದ, ಕಿವಿ ಮಾತ್ರ ಅತ್ತಲೇ ಇತ್ತು. ಕೆನ್ನೆಯ ಮೇಲೆ ಕೆಂಪು ಕಲೆಯಿದ್ದ ಹೆಂಗಸನ್ನು ನರ್ಸ್ ತಡೆದು ನಿಲ್ಲಿಸಿದ್ದಳು.

“ಅಕ್ಕಾ, ಲೂಪಸ್ ಕಾಯಿಲೆಗೆ ಹೊಸ ಔಷಧಿ ಪ್ರಯೋಗ ಮಾಡೋ ಮಾತ್ರೆ ಏನು ಪೆಪ್ಪರ್‌ಮಿಂಟಾ, ಹಂಚ್ಕೊಂಡು ತಿನ್ನೋಕೆ?”

“ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಹಿಟ್ಟು ಅಂದ್ರಲ್ಲಮ್ಮ. ಯಾರಿಗೆ ಯಾವುದೋ! ಅದಕ್ಕೇ ನಾನೂ ನನ್ನ ಜೊತೆ ಪ್ರಯೋಗದಲ್ಲಿರೋ ಟೀಚರೂ ಅರ್ಧರ್ಧ ಮಾಡ್ಕೊಂಡ್ವಿ. ಹೇಳಿದ್ದು ಯಾರು?”

“ಟೀಚರೇ ನಿನ್ನೆ ಬಾಯಿಬಿಟ್ರು. ಇನ್ನು ಇಬ್ಬರ ವರದಿಯೂ ಲೆಕ್ಕಕ್ಕೆ ಬರಲ್ಲ. ಇಬ್ಬರನ್ನೂ ಪ್ರಯೋಗದಿಂದ ಕೈಬಿಟ್ಟಿದ್ದಾರೆ.”

“ಮಾತ್ರೆ ಹೋದ್ರೆ ಹೋಗ್ಲಿ. ಟೀಚರ್ ಇನ್ನು ಬರಲ್ವಾ?”

“ಯಾಕೆ ಬರ್ತಾರೆ?”

“ಅವರ ನಂಬರಾದ್ರೂ ಕೊಡಮ್ಮ. ಎರಡು ವರ್ಷ ಇಲ್ಲೇ ಸಿಗ್ತಿದ್ವಿ, ಇಸ್ಕೊಂಡೇ ಇಲ್ಲ. ನನ್ನ ಹತ್ರ ಮಾತಾಡೋರು ಅವರೊಬ್ಬರೇ.”

“ರೋಗಿಗಳ ನಂಬರ್ ಕೊಡೋ ಹಾಗಿಲ್ಲ. ನಿನ್ನೆ ಅವರೂ ನಿಮ್ಮ ನಂಬರ್ ಕೇಳಿದ್ರು. ಕೊಡಲಿಲ್ಲ.”

ನರ್ಸ್ ಒಳಗೆ ಹೋದಳು. ಹೆಂಗಸು ಮೆಟ್ಟಿಲಿಳಿದಳು.