ತಲೆಯಾಡಿಸಿ ಒಪ್ಪಿದ್ದಾರೆ

ತಲೆಗೆ ಪೆಟ್ಟು ಬಿದ್ದ ತಾಯಿಯನ್ನು ಐಸಿಯುನಲ್ಲಿ ಬಿಟ್ಟು, ಹೊರಗೆ ಕೂರಲೂ ಆಗದೆ ನಿಲ್ಲಲೂ ಆಗದೆ ದರ್ಜಿ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದ. ಪಕ್ಕದ ಬೆಂಚಿನ ಅತ್ತಿಗೆ ಮೈದುನರ ಮಾತು ಕಿವಿಗೆ ಬಿತ್ತು.

“ಹೊಸ ಔಷಧಿ ಪ್ರಯೋಗಕ್ಕೆ ಅಣ್ಣನೇ ಒಪ್ಪಿದಾನಂತಲ್ಲ ಅತ್ತಿಗೆ? ಡಾಕ್ಟ್ರು ಕೇಳಿದ್ದಕ್ಕೆ ಹೂಂ ಅಂತ ತಲೆ ಆಡಿಸಿದನಂತೆ.”

“ಮೂವತ್ತು ವರ್ಷದಿಂದ ನನ್ನ ಮಾತಿಗೂ ಹಾಗೇ ಆಡಿಸ್ತಾ ಬಂದಿದಾರೆ. ಒಂದು ದಿನ ಕೇಳಿಸ್ಕೊಂಡಿದ್ದುಂಟಾ?”

“ತಮಾಷೆ ಬಿಡಿ. ಆ ಔಷಧಿಯಿಂದ ಉಳ್ಕೊಂಡ್ರೆ?”

“ಉಳೀಲಿ ಅಂತಲೇ ನಾನೂ ಊಟ ನಿದ್ದೆ ಬಿಟ್ಟು ಕೂತಿರೋದು. ಆದ್ರೆ ಎಚ್ಚರವೇ ನೆಟ್ಟಗಿಲ್ಲದವರು ಹೂಂ ಅಂದ್ರೆ ಅದು ಒಪ್ಪಿಗೆ ಆಗುತ್ತಾ? ಡಾಕ್ಟ್ರ ಎದುರಿಗೇ ಪರೀಕ್ಷೆ ಮಾಡಿಬಿಟ್ಟೆ.”

“ಏನಂತ?”

“ನಾನು ಇನ್ನೊಂದು ಮದುವೆ ಆಗ್ಲಾ ಅಂತ.”

“ಅಯ್ಯೋ! ಅಣ್ಣ ಏನಂದ?”

“ತಲೆ ಆಡಿಸಿದ್ರು.”

ಮೈದುನ ನಗಲು ಹೋಗಿ ಐಸಿಯು ಬಾಗಿಲ ಕಡೆ ನೋಡಿದ.

“ಡಾಕ್ಟ್ರು?”

“ಪೆನ್ನು ಜೇಬಿಗೆ ಹಾಕ್ಕೊಂಡ್ರು. ಮನೆಯವರನ್ನ ಕರ್ಕೊಂಡು ಬನ್ನಿ, ಕೂತು ಮಾತಾಡೋಣ ಅಂದ್ರು. ಏಳು, ಹೋಗೋಣ.”

ಇಬ್ಬರೂ ಎದ್ದು ಹೋದರು.

ಅದೇ ಪ್ರಯೋಗದ ಕಾಗದಕ್ಕೆ ದರ್ಜಿ ಬೆಳಿಗ್ಗೆಯಷ್ಟೇ ಸಹಿ ಹಾಕಿದ್ದ. ‘ತಾಯಿ ತಲೆಯಾಡಿಸಿ ಒಪ್ಪಿದ್ದಾರೆ’ ಎಂದು ಬರೆದವನೂ ಅವನೇ. ಅವನು ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ ತಾಯಿಯ ಕಿವಿಯ ಹತ್ತಿರ ಬಾಗಿದ.

“ಅಮ್ಮಾ, ನಿನಗೆ ಮಕ್ಕಳೇ ಇಲ್ಲ, ಅಲ್ವಾ?”

ತಾಯಿ ಬೆಳಿಗ್ಗೆಯ ಹಾಗೆಯೇ ತಲೆಯಾಡಿಸಿದಳು.